ಕೆರೆಯ ಕಾವಲು ನಮ್ಮ ಮೋರಿಯಿಂದಲೇ



ಕೆರೆ ಉಳಿಸುವ ಮಾತೆತ್ತಿದರೆ ನಮ್ಮವರಲ್ಲಿ ಅನೇಕರು ಅದು ಪುರಸೊತ್ತುಳ್ಳವರ ಕೆಲಸವೆಂದು ಸುಮ್ಮನಾಗುವುದುಂಟು. ಬೆಳಗಿನ ಗಾಳಿಗೆ ತಿರುಗಾಡುವ ಸದ್ಗೃಹಸ್ಥರಿಗೆ, ಹಕ್ಕಿ ನೋಡುವವರಿಗೆ, ಕಾಲೇಜಿನ ಹುಡುಗರಿಗೆ ಅದು ಒಪ್ಪುವ ಕೆಲಸ; ನಸುಕಿನಲ್ಲಿ ಒಲೆ ಹಚ್ಚಿ ನಡುರಾತ್ರಿಗೆ ಮೇಜು ಒರೆಸುವ ಹೊಟೇಲು ಕೆಲಸಗಾರನಿಗೆ ಕೆರೆಯ ಗೊಡವೆ ಏಕೆ ಎಂದು ಅವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಆದರೆ ಉತ್ತರವೂ ಉಂಟು. ಈ ಮುಂಬಯಿಯಲ್ಲಿ ದಿನವೆಲ್ಲ ನೀರಿನಲ್ಲಿ ಕೈಯಿಟ್ಟು ದುಡಿಯುವವರು ನಾವು. ಖೋಲಿಗೆ ಬಂದರೆ ಕೊಡ ನೀರಿಗಾಗಿ ಸರದಿ ಕಾಯುವವರೂ ನಾವೇ. ನೀರು ಕೆಟ್ಟರೆ ಮೊದಲು ಹಾಸಿಗೆ ಹಿಡಿಯುವುದು ನಮ್ಮ ಮಕ್ಕಳು. ನೀರು ಉಕ್ಕಿದರೆ ಮೊದಲು ಮುಳುಗುವುದು ನಮ್ಮ ಬಿಡಾರ. ಆದುದರಿಂದ ಕೆರೆಯ ಮಾತು ಕೂಲಿಯ ಮಾತಿನಷ್ಟೇ ನಮ್ಮ ಮಾತು.

ನಮ್ಮ ನಳದಲ್ಲಿ ಬರುವ ನೀರು ಏಳು ಕೆರೆಗಳದು: ತುಳಸಿ, ವಿಹಾರ್, ತಾನ್ಸಾ, ಮೋಡಕ್ ಸಾಗರ, ಭಾತ್ಸಾ, ಮೇಲಿನ ವೈತರಣಾ, ಮಧ್ಯ ವೈತರಣಾ. ಇವುಗಳಲ್ಲಿ ತುಳಸಿ, ವಿಹಾರ್ ಎರಡು ಮಾತ್ರ ನಗರದ ಎಲ್ಲೆಯೊಳಗಿನವು. ಉಳಿದವುಗಳ ನೀರು ದೂರದ ಠಾಣೆ, ಪಾಲ್ಘರ್, ನಾಸಿಕ ಜಿಲ್ಲೆಗಳ ಘಟ್ಟದ ತಪ್ಪಲಿನಿಂದ ಕೊಳವೆಗಳಲ್ಲಿ ಹರಿದು ಬರುತ್ತದೆ. ಆ ಅಣೆಕಟ್ಟುಗಳ ಮಗ್ಗುಲಲ್ಲೇ ಇರುವ ಶಹಾಪುರ ತಾಲೂಕಿನ ಎಷ್ಟೋ ಹಳ್ಳಿಗಳಲ್ಲಿ ಬೇಸಗೆ ಬಂತೆಂದರೆ ಹೆಂಗಸರು ಟ್ಯಾಂಕರಿನ ದಾರಿ ನೋಡುತ್ತಾರೆ. ಅವರ ಅಂಗಳದ ಮುಂದೆ ಹಾದು, ಅವರ ಕೊಡ ತುಂಬದೆ ಬಂದ ನೀರಿನಲ್ಲಿ ನಾವು ತಟ್ಟೆ ತೊಳೆಯುತ್ತೇವೆ. ಅಂಥ ನೀರಿಗೆ ನಾವು ತೋರಬೇಕಾದ ಮರ್ಯಾದೆ ಏನು ಎಂಬುದನ್ನು ಒಂದು ಗಳಿಗೆ ಯೋಚಿಸೋಣ.

ಕೆರೆಗೆ ಕಾವಲಿದ್ದರೆ ಏನಾಗುತ್ತದೆ, ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ವಿಹಾರ್ ಕೆರೆ ಕಟ್ಟಿ ಮುಗಿದದ್ದು 1860ರಲ್ಲಿ. ಪೊವಾಯಿ ಕೆರೆ 1890ರಲ್ಲಿ. ಎರಡೂ ನೆರೆಹೊರೆಯವು, ಮಳೆಯೂ ಒಂದೇ. ವಿಹಾರಿನ ಸುತ್ತ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡಿದೆ. ಅದರ ನೀರನ್ನು ಶುದ್ಧ ಮಾಡಿ ಇಂದಿಗೂ ನಗರ ಕುಡಿಯುತ್ತದೆ. ಪೊವಾಯಿಯನ್ನೂ ಕುಡಿಯುವ ನೀರಿಗೆಂದೇ ಕಟ್ಟಿದ್ದರು. ನೀರು ಯೋಗ್ಯವಲ್ಲವೆಂದು ಕೈಬಿಟ್ಟರು. 545 ಕೋಟಿ ಲೀಟರ್ ಹಿಡಿಯಲೆಂದು ಕಟ್ಟಿದ ಆ ಕೆರೆಯ ನೀರು ಈಗ ಕಾರಖಾನೆಯ ಬಳಕೆಗೆ, ಆರೆ ಕಾಲೊನಿಯ ಮೇಲುಕೆಲಸಕ್ಕೆ ಮಾತ್ರ. ಕುಡಿಯುವ ಕೆರೆಗಳ ಪಟ್ಟಿಯಿಂದ ಹೊರಬಿದ್ದ ಮೇಲೆ ಅದನ್ನು ಕೇಳುವವರಿಲ್ಲವಾದರು. ಸುತ್ತಣ ಗುಡ್ಡಗಳನ್ನು ಅಗೆದರು, ಮಹಡಿಗಳೆದ್ದವು, ಮಣ್ಣು ಕೆರೆಗೆ ಇಳಿಯಿತು, ಗಟಾರಗಳು ಕೆರೆಯತ್ತ ತಿರುಗಿದವು. ಒಂದೇ ಮಳೆಯ ನೀರು ಒಂದು ಕಡೆ ಅಮೃತವಾಯಿತು, ಇನ್ನೊಂದು ಕಡೆ ಕೊಳಚೆಯಾಯಿತು. ಎರಡರ ನಡುವಣ ಅಂತರ ಸುತ್ತಲಿನ ನೆಲದಲ್ಲಿದೆ. ಅಂದ ಮೇಲೆ ಕೆರೆ ಕಾಯುವುದೆಂದರೆ ಬರಿಯ ದಡ ಕಾಯುವುದಲ್ಲ. ಅದಕ್ಕೆ ನೀರು ಬರುವ ದಾರಿಯನ್ನು ಕಾಯುವುದು.

ಪೊವಾಯಿಯ ಮೇಲೆ ಹಸಿರು ಕಂಬಳಿ ಹೊದಿಸಿದ ಹಾಗೆ ಬೆಳೆಯುವ ಅಂತರಗಂಗೆಯನ್ನು ನೀವೂ ನೋಡಿದ್ದೀರಿ. ಕೊಳಚೆಯಲ್ಲಿರುವ ಸಾರಜನಕ, ರಂಜಕಗಳು ಆ ಕಳೆಗೆ ಗೊಬ್ಬರ. ಅದು ಹಬ್ಬಿದರೆ ನೀರಿಗೆ ಬೆಳಕು ಹೋಗದು, ಗಾಳಿ ಸೇರದು. ಸತ್ತು ಕೊಳೆತರೆ ಇದ್ದ ಪ್ರಾಣವಾಯುವೂ ಮುಗಿದು ಮೀನು ಸಾಯುತ್ತವೆ. ಪಾಲಿಕೆ ಯಂತ್ರ ತರಿಸಿ ಕಳೆ ಕೀಳಿಸುತ್ತದೆ, ಹಣ ಖರ್ಚಾಗುತ್ತದೆ, ಕಳೆ ಮತ್ತೆ ಬರುತ್ತದೆ. ಕೊಳಚೆಯ ಬಾಯಿ ಮುಚ್ಚದೆ ಕಳೆ ಕೀಳುವುದು ತೂತು ಕೊಡಕ್ಕೆ ನೀರು ಸೇದಿದ ಹಾಗೆ.

ಇಲ್ಲಿಯೇ ನಮ್ಮ ಕೈಯ ಮಾತು ಬರುವುದು. ಮುಂಬಯಿಯಲ್ಲಿ ಮಳೆನೀರಿನ ಗಟಾರ ಬೇರೆ, ಮೈಲಿಗೆ ನೀರಿನ ಕೊಳವೆ ಬೇರೆ. ಕೊಳವೆಯ ನೀರು ಶುದ್ಧೀಕರಣದ ಕೇಂದ್ರಕ್ಕೆ ಹೋಗಬೇಕಾದದ್ದು. ಮಳೆಗಟಾರದ ನೀರು ಯಾವ ಶುದ್ಧಿಯೂ ಇಲ್ಲದೆ ನೇರ ಕೆರೆಗೋ ಮೀಠಿ ನದಿಗೋ ಖಾಡಿಗೋ ಸೇರುತ್ತದೆ. ಹೊಟೇಲಿನ ಮೋರಿಯಲ್ಲಿ ಬಾಣಲೆಯ ಕರಿದ ಎಣ್ಣೆ ಸುರಿದರೆ ಅದು ಕೊಳವೆಯಲ್ಲಿ ಹೆಪ್ಪುಗಟ್ಟಿ ದಾರಿ ಕಟ್ಟುತ್ತದೆ. ಕಟ್ಟಿದ ಕೊಳವೆ ಉಕ್ಕಿ ಮಳೆಗಟಾರಕ್ಕೆ ಹರಿಯುತ್ತದೆ. ನೀರಿನ ಮೇಲೆ ಎಣ್ಣೆಯ ಪೊರೆ ಕಟ್ಟಿ ಗಾಳಿಯನ್ನು ತಡೆಯುತ್ತದೆ. ಇದನ್ನು ದೊಡ್ಡ ಇಂಜಿನಿಯರು ಬಂದು ಹೇಳಬೇಕಾಗಿಲ್ಲ. ಯಾವ ಮೋರಿ ಯಾವ ಗಟಾರಕ್ಕೆ ಕೂಡುತ್ತದೆ, ರಾತ್ರಿ ತೊಳೆದ ನೀರು ಹಿಂಬಾಗಿಲಿನಿಂದ ಎಲ್ಲಿಗೆ ಹೋಗುತ್ತದೆ ಎಂಬುದು ಮಾಲಿಕನಿಗಿಂತ, ಪಾಲಿಕೆಯ ಅಧಿಕಾರಿಗಿಂತ, ಪಾತ್ರೆ ತೊಳೆಯುವ ಹುಡುಗನಿಗೆ ಚೆನ್ನಾಗಿ ಗೊತ್ತು. ಕೆರೆಗೆ ಹೋಗುವ ದಾರಿಯ ಮೊದಲ ಬಾಗಿಲಲ್ಲಿ ನಿಂತಿರುವವನು ಅವನೇ.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಕರಿದ ಎಣ್ಣೆಯನ್ನು ಮೋರಿಗೆ ಸುರಿಯದೆ ಡಬ್ಬಿಯಲ್ಲಿ ಕೂಡಿಡುವುದು. ಅದನ್ನು ಕೊಂಡು ಇಂಧನ ಮಾಡುವವರಿದ್ದಾರೆ. ಹೀಗೆ ಸಂಗ್ರಹಿಸುವ ಯೋಜನೆಯೊಂದನ್ನು ಆಹಾರ ಸುರಕ್ಷತೆಯ ಕೇಂದ್ರ ಪ್ರಾಧಿಕಾರ 2018ರಲ್ಲಿಯೇ ಆರಂಭಿಸಿತು. ಎರಡನೆಯದಾಗಿ, ತಟ್ಟೆಯ ಎಂಜಲನ್ನು ಬುಟ್ಟಿಗೆ ತಳ್ಳಿ ಆಮೇಲೆ ತೊಳೆಯುವುದು. ಜಿಡ್ಡು ಹಿಡಿಯುವ ತೊಟ್ಟಿ ಇದ್ದರೆ ಅದನ್ನು ತಪ್ಪದೆ ತೆಗೆದು ಚೊಕ್ಕ ಮಾಡುವುದು, ಇಲ್ಲದಿದ್ದರೆ ಹಾಕಿಸಿರೆಂದು ಕೇಳುವುದು. ಮೂರನೆಯದಾಗಿ, ಕೆರೆಗೋ ನಾಲೆಗೋ ರಾತ್ರಿ ಹೊತ್ತು ಲಾರಿಯಲ್ಲಿ ಮಣ್ಣು, ಇಟ್ಟಿಗೆಯ ಚೂರು ಸುರಿಯುವುದು ಕಂಡರೆ ಹೊತ್ತು, ಸ್ಥಳ ಗುರುತಿಟ್ಟು ಪಾಲಿಕೆಯ 1916 ಸಂಖ್ಯೆಗೋ ವಾರ್ಡ್ ಕಚೇರಿಗೋ ತಿಳಿಸುವುದು. ರಾತ್ರಿ ಎರಡಕ್ಕೆ ಕೆಲಸ ಮುಗಿಸಿ ನಡೆದು ಬರುವ ನಮ್ಮ ಕಣ್ಣಿಗೆ ಬೀಳುವುದು ನಡುಹಗಲಿನ ತನಿಖೆಯವರ ಕಣ್ಣಿಗೆ ಬೀಳದು.

ಇದಕ್ಕೆ ಆಕ್ಷೇಪಣೆ ಇಲ್ಲದಿಲ್ಲ. ಮಾಲಿಕನಿಗೆ ಎದುರು ಹೇಳಿದರೆ ನಾಳೆ ಕೆಲಸ ಉಳಿಯುತ್ತದೆಯೇ ಎಂದು ಮಾಣಿ ಕೇಳುತ್ತಾನೆ. ಅವನ ಭಯ ಸುಳ್ಳಲ್ಲ. ಅದಕ್ಕಾಗಿಯೇ ಸಂಘವಿರುವುದು. ಒಬ್ಬನ ಬಾಯಿಂದ ಬಂದರೆ ಉದ್ಧಟತನವೆನಿಸುವ ಮಾತು ಸಂಘದ ಕಾಗದದಲ್ಲಿ ಬಂದರೆ ವಿಚಾರವಾಗುತ್ತದೆ. ಸಂಘ ತಾನೇ ಹೊಟೇಲು ಮಾಲಿಕರನ್ನು ಕಂಡು ಎಣ್ಣೆ, ಎಂಜಲು, ಮೋರಿಗಳ ವಿಷಯ ಮಾತಾಡಲಿ. ಯಾವ ಕೆಲಸಗಾರನ ಹೆಸರೂ ಬೇಡ. ಮಾಲಿಕರೂ ಬಹುಪಾಲು ನಮ್ಮ ಜಿಲ್ಲೆಯವರೇ. ಮೋರಿ ಕಟ್ಟಿ ಗಿರಾಕಿ ಮೂಗು ಮುಚ್ಚಿಕೊಂಡರೆ ನಷ್ಟ ಯಾರಿಗೆಂಬುದು ಅವರಿಗೆ ತಿಳಿಯದ್ದಲ್ಲ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ದೊಡ್ಡದು. ಕೆರೆ ಕೆಡಿಸಿದವರು ಮಹಡಿಯವರು, ಬಯ್ಗುಳ ತಿನ್ನುವವರು ಗುಡಿಸಲಿನವರು ಎಂಬುದು. ಮಾತಿನಲ್ಲಿ ಸತ್ಯವಿದೆ. ಕೊಳವೆಯ ಸೌಕರ್ಯವನ್ನೇ ಕೊಡದೆ ಗುಡಿಸಲಿನವರನ್ನು ಕೆರೆಯ ಶತ್ರುಗಳೆಂದು ಕರೆಯುವುದು ಅನ್ಯಾಯ. ಕೆರೆಯ ಸೌಂದರ್ಯದ ಹೆಸರಿನಲ್ಲಿ ಬಡವರನ್ನು ಎಬ್ಬಿಸಿ, ಅದೇ ದಡದಲ್ಲಿ ದೊಡ್ಡವರಿಗೆ ಕಟ್ಟಡ ಎಬ್ಬಿಸುವುದು ಇನ್ನೂ ಅನ್ಯಾಯ. ಆದರೆ ಇದೇ ಕಾರಣದಿಂದ ನಾವು ಕೆರೆಯ ಸಭೆಗಳಿಂದ ದೂರ ಉಳಿಯಕೂಡದು. ನಾವಿಲ್ಲದ ಸಭೆಯಲ್ಲಿ ಮೊದಲು ನಮ್ಮ ಚಾಳನ್ನೇ ಗುರುತು ಹಾಕುತ್ತಾರೆ. ಅಲ್ಲಿ ಕುಳಿತು, ಕೆರೆಯೂ ಉಳಿಯಲಿ, ಕೊಳವೆಯೂ ಬರಲಿ, ಮನೆಯೂ ನಿಲ್ಲಲಿ ಎಂದು ಹೇಳುವವರು ಬೇಕು.

ಕೆರೆಗೂ ಮನೆಗೂ ಇರುವ ನಂಟನ್ನು ಮೀಠಿ ನದಿ ನಮಗೆ ಕಲಿಸಿದೆ. ವಿಹಾರ್, ಪೊವಾಯಿ ಕೆರೆಗಳ ಕೋಡಿನೀರು ಕೂಡಿಯೇ ಮೀಠಿಯಾಗಿ ಸಾಕಿನಾಕಾ, ಕುರ್ಲಾ, ಧಾರಾವಿಗಳ ಮಗ್ಗುಲಲ್ಲಿ ಹರಿದು ಮಾಹಿಮಿನ ಖಾಡಿ ಸೇರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಕಸ, ಕಟ್ಟಡಗಳಿಂದ ಇಕ್ಕಟ್ಟಾಗಿದ್ದ ಮೀಠಿ ಉಕ್ಕಿ ನುಗ್ಗಿದ್ದು ಯಾರ ಮನೆಗಳಿಗೆಂದು ಆ ರಾತ್ರಿ ಅಟ್ಟದ ಮೇಲೆ ಕಳೆದವರನ್ನು ಕೇಳಿ. ಹೂಳು ತುಂಬಿದ ಕೆರೆ ಬೇಗ ತುಂಬಿ ಬೇಗ ಹೊರಚೆಲ್ಲುತ್ತದೆ. ಆಳವಾದ ಕೆರೆ ಕೆಳಗಿನ ಖೋಲಿಗೆ ರಕ್ಷಣೆ.

ಸಾಮಾನ್ಯರು ಎದ್ದು ನಿಂತರೆ ಏನಾದೀತು ಎನ್ನುವವರು 2022ರ ಸಂಗತಿಯನ್ನು ನೆನೆಯಬಹುದು. ಪೊವಾಯಿ ಕೆರೆಯ ಅಂಚಿನಲ್ಲಿ ಪಾಲಿಕೆ ಸೈಕಲ್ ದಾರಿ ಕಟ್ಟಹೊರಟಾಗ ಐಐಟಿಯ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳೂ ಒಂದು ಪರಿಸರ ಸಂಸ್ಥೆಯೂ ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಹೋದರು. ಆ ಕೆಲಸ ಕಾನೂನುಬಾಹಿರ, ಕಟ್ಟಿದ್ದನ್ನು ತೆಗೆದು ನೆಲವನ್ನು ಮೊದಲಿನಂತೆ ಮಾಡಿ ಎಂದು ಆ ವರ್ಷದ ಮೇ ತಿಂಗಳಲ್ಲಿ ತೀರ್ಪಾಯಿತು. ವಿದ್ಯಾರ್ಥಿಗಳಿಂದ ಇಷ್ಟಾದರೆ, ಗಿರಣಿಗಳಲ್ಲಿ ದುಡಿದು ಈಗ ನಿವೃತ್ತರಾಗಿರುವ ನಮ್ಮ ಹಿರಿಯರಿಂದ ಆಗದೇ? 1982ರ ಮುಷ್ಕರವನ್ನು ಕಂಡವರು, ಅರ್ಜಿ ಬರೆಯುವುದು, ಕಚೇರಿಯ ಬಾಗಿಲಲ್ಲಿ ಕೂರುವುದು ಎಲ್ಲವನ್ನೂ ಬಲ್ಲವರು ಅವರು. ಯಂತ್ರದ ಬಿಸಿ ನೀರು ತಣಿಸಲು ಎಷ್ಟೋ ಗಿರಣಿಗಳ ಅಂಗಳದಲ್ಲಿದ್ದ ಕೊಳಗಳು ಅವರಿಗೆ ನೆನಪಿವೆ. ಅವುಗಳಲ್ಲಿ ಹಲವು ಈಗ ಕಟ್ಟಡಗಳ ಕೆಳಗಿವೆ. ಧೋಬಿ ತಲಾವ್, ಗೋವಾಲಿಯಾ ಟ್ಯಾಂಕ್, ಸಿ. ಪಿ. ಟ್ಯಾಂಕುಗಳ ಕತೆಯೂ ಇದೇ: ನೀರು ಹೋಯಿತು, ಬಸ್ಸಿನ ಹಲಗೆಯ ಮೇಲೆ ಹೆಸರು ಉಳಿಯಿತು.

ನಮ್ಮ ನಾಡಿನ ಸ್ಥಿತಿಯೂ ಬೇರೆಯಲ್ಲ. ಬೆಂಗಳೂರಿನ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಉಳಿದ ಬೆಳ್ಳಂದೂರು ಕೆರೆ ಊರಿನ ಕೊಳಚೆಯನ್ನೆಲ್ಲ ಕುಡಿದು ನೊರೆ ಕಕ್ಕಿತು. 2017ರಲ್ಲಿಯೂ 2018ರಲ್ಲಿಯೂ ಅಲ್ಲಿ ಬೆಂಕಿ ಹತ್ತಿತು. ಅದೇ ಊರಿನ ಜಕ್ಕೂರು ಕೆರೆಯಲ್ಲಿ ಬೇರೊಂದು ದಾರಿ ಹಿಡಿದರು: ಕೊಳಚೆಯನ್ನು ಮೊದಲು ಯಂತ್ರದಲ್ಲಿ ಶುದ್ಧ ಮಾಡಿ, ಜೊಂಡು ಬೆಳೆಸಿದ ಜೌಗಿನ ಮೂಲಕ ಹಾಯಿಸಿ, ಆಮೇಲೆ ಕೆರೆಗೆ ಬಿಡುವುದು. ಬರುವ ದಾರಿಯಲ್ಲಿ ತೊಳೆದ ನೀರು ಕೆರೆಯನ್ನು ಕೆಡಿಸದು ಎಂಬ ಪಾಠ ಅಲ್ಲಿದೆ.

ವರ್ಷಕ್ಕೊಮ್ಮೆ ಊರಿಗೆ ಹೋಗುವಾಗ ಈ ಪಾಠವನ್ನು ಜೊತೆಗೆ ಒಯ್ಯೋಣ. ಮುಂಬಯಿಯ ನಮ್ಮ ಊರಿನ ಸಂಘಗಳು ದೇವಸ್ಥಾನದ ಬ್ರಹ್ಮಕಲಶಕ್ಕೆ ಲಕ್ಷಗಟ್ಟಲೆ ಕೂಡಿಸಿ ಕೊಡುತ್ತವೆ, ಕೊಡಲಿ, ಸಂತೋಷ. ಅದೇ ದೇವರು ಮೀಯುವ ಕೆರೆಯ ಹೂಳಿಗೆ ಹತ್ತರಲ್ಲಿ ಒಂದು ಪಾಲು ಇಟ್ಟರೆ ದೇವರು ಬೇಡವೆಂದಾನೆಯೇ? ಗ್ರಾಮಸಭೆಯಲ್ಲಿ ಕುಳಿತು, ಊರ ಕೆರೆಯ ಗಡಿ ಅಳೆದಿದೆಯೇ, ತೂಬು ಕೆಲಸ ಮಾಡುತ್ತಿದೆಯೇ, ಕೋಡಿಯ ಮೇಲೆ ಯಾರಾದರೂ ಅಂಗಡಿ ಕಟ್ಟಿದ್ದಾರೆಯೇ ಎಂದು ಕೇಳಿ. ಊರು ಬಿಟ್ಟವನಿಗೆ ಹಣ ಕಳಿಸುವ ಹಕ್ಕಿರುವಂತೆ ಕೇಳುವ ಹಕ್ಕೂ ಇದೆ.

ಬಯಲುಸೀಮೆಯ ಕೆರೆಗಳಿಗೆ ಹಿಂದೆ ನೀರುಗಂಟಿ ಎಂಬವನಿದ್ದ. ತೂಬು ತೆಗೆಯುವುದು, ಸರದಿಯಂತೆ ಗದ್ದೆಗೆ ನೀರು ಬಿಡುವುದು, ಏರಿ ಬಿರುಕು ಬಿಟ್ಟರೆ ಊರನ್ನು ಎಬ್ಬಿಸುವುದು ಅವನ ಕೆಲಸ. ಸುಗ್ಗಿಯಲ್ಲಿ ಅವನ ಪಾಲಿನ ಧಾನ್ಯ ಅವನಿಗೆ. ಕರಾವಳಿಯಲ್ಲಿ ಮಳೆ ಕಳೆದೊಡನೆ ಊರವರೇ ಕೂಡಿ ತೋಡುಗಳಿಗೆ ಮಣ್ಣಿನ ಕಟ್ಟ ಹಾಕುತ್ತಿದ್ದರು. ಕೆರೆ ಕಟ್ಟಿಸಿದವನ ಹೆಸರು ಶಾಸನದ ಕಲ್ಲಿನಲ್ಲಿರಬಹುದು. ಕೆರೆ ಕಾದವನು ಯಾವಾಗಲೂ ದುಡಿಯುವವನೇ. ಆ ಕೆಲಸ ಈ ಊರಿನಲ್ಲಿ ಖಾಲಿ ಬಿದ್ದಿದೆ. ತಿಂಗಳಿಗೊಂದು ರಜೆಯ ಹೊತ್ತು, ದಿನಕ್ಕೊಂದು ಡಬ್ಬಿ ಎಣ್ಣೆ, ಸಂಘದ ಒಂದು ಕಾಗದ: ಇಷ್ಟರಿಂದ ಆರಂಭಿಸೋಣ. ಮುಂದಿನ ಸಂಘದ ಸಭೆಯಲ್ಲಿ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಬೇಕೆಂದು ಸದಸ್ಯ ಬಂಧುಗಳಲ್ಲಿ ವಿನಂತಿ.