ಮುದಿ ಎತ್ತಿನ ದುಡ್ಡು ಯಾರು ಕೊಡ್ತೀರಿ?

ನಮ್ಮ ಗುಂಡ್ಲುಪೇಟೆ ಕಡೆ ಎರಡೆಕರೆ ಖುಷ್ಕಿ ಇರೋನಿಗೆ ಕೊಟ್ಟಿಗೆಯೇ ಬ್ಯಾಂಕು. ಮಳೆ ಕೈಕೊಟ್ಟು ಸೂರ್ಯಕಾಂತಿ ಒಣಗಿದ ವರ್ಷ, ಆಸ್ಪತ್ರೆ ಖರ್ಚು ಬಿದ್ದ ದಿನ, ಹಗ್ಗ ಬಿಚ್ಕೊಂಡು ತೆರಕಣಾಂಬಿ ಸಂತೆಗೆ ಹೊರಡೋದು. ನಮ್ಮಪ್ಪನೂ ಹಂಗೇ ಮಾಡ್ತಿದ್ದ. ಉಳುಮೆಗೆ ಆಗದ ಎತ್ತು ಮಾರಿ, ಅದಕ್ಕೆ ಇನ್ನೊಂದಿಷ್ಟು ಸೇರಿಸಿ ಹೋರಿಕರು ಹಿಡ್ಕೊಂಡು ಬರ್ತಿದ್ದ. ದಲ್ಲಾಳಿ ಟವಲ್ ಅಡಿ ಬೆರಳು ಹಿಡಿದು ರೇಟು ಇಳಿಸ್ತಿದ್ದ, ನಿಜ. ಆದ್ರೂ ಕೊಳ್ಳೋನು ಅಂತ ಒಬ್ಬ ಇದ್ದ.

1964ರ ಕಾಯ್ದೆಯಲ್ಲಿ 12 ವರ್ಷ ದಾಟಿದ ಎತ್ತನ್ನು ಸರ್ಟಿಫಿಕೇಟ್ ಪಡೆದು ಕಡಿಯಲು ಅವಕಾಶ ಇತ್ತು. 2021ರಲ್ಲಿ ಜಾರಿಯಾದ ಹೊಸ ಕಾಯ್ದೆಯಲ್ಲಿ 13 ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ಆ ಅವಕಾಶ. ಎತ್ತು ಕಡಿದರೆ 3ರಿಂದ 7 ವರ್ಷ ಜೈಲು. ಕಡಿಯೋಕೆ ಅಂತ ಗೊತ್ತಿದ್ದು ಮಾರಿದ್ರೂ ಅಪರಾಧ. ಈಗ ಮುದಿ ಎತ್ತಿಗೆ ರೇಟು ಕೇಳೋ ಧೈರ್ಯ ಯಾರಿಗಿದೆ? 2025ರಲ್ಲಿ ಮಹದೇಶ್ವರ ಬೆಟ್ಟದ ಕಾಡಲ್ಲಿ ಐದು ಹುಲಿ ಸತ್ತ ಮೇಲೆ, ಕಾಡಲ್ಲಿ ದನ ಮೇಯಿಸೋದನ್ನೂ ನಿಲ್ಲಿಸಿ ಅಂತ ಅರಣ್ಯ ಸಚಿವರ ಸೂಚನೆ ಬಂತು. ಮಾರಂಗಿಲ್ಲ, ಮೇಯಿಸಂಗಿಲ್ಲ. ಮತ್ತೆ ಸಾಕೋದು ಹೆಂಗೆ?

ನಮ್ಮ ಚಳವಳಿಯದ್ದೂ ಒಂದು ತಪ್ಪಿದೆ. ನಾವು ಈ ಕಾಯ್ದೆಯನ್ನು ಆಹಾರದ ಹಕ್ಕಿನ ಪ್ರಶ್ನೆ ಅಂತ ಮಾತ್ರ ಎತ್ತಿದ್ವಿ. ಅದು ಸರಿಯೇ. ಆದ್ರೆ ಇದು ಬಡವನ ಆಸ್ತಿಯ ಪ್ರಶ್ನೆ ಕೂಡ. 1918ರಲ್ಲೇ ಬಾಬಾಸಾಹೇಬರು ಸಣ್ಣ ಹಿಡುವಳಿಗಳ ಬಗ್ಗೆ ಬರೆದ ಪ್ರಬಂಧದಲ್ಲಿ, ತೊಂದರೆ ಇರೋದು ಹೊಲದ ಅಳತೆಯೊಂದರಲ್ಲೇ ಅಲ್ಲ, ರೈತನ ಕೈಲಿ ಬಂಡವಾಳ ಇಲ್ಲದಿರೋದ್ರಲ್ಲಿ ಅಂದಿದ್ರು. ಎತ್ತು ಆ ಬಂಡವಾಳ. ಟ್ರಾಕ್ಟರ್ ಇರೋನಿಗೆ ಈ ಕಾಯ್ದೆಯಿಂದ ಏನೂ ಹೋಗಲ್ಲ. ಹೋಗೋದು ನಮ್ಮ ಕೇರಿಯವರದ್ದು, ಇನ್ನೊಬ್ಬರ ಹಸುವನ್ನು ಪಾಲಿಗೆ ಸಾಕೋ ಭೂಮಿಯಿಲ್ಲದ ಹೆಂಗಸಿನದ್ದು.

ಎಮ್ಮೆ, ಕೋಣ ಕಡಿಯಬಹುದಾದ್ರೆ ಹಸು ಯಾಕಾಗಬಾರದು ಅಂತ 2023ರ ಜೂನಲ್ಲಿ ಪಶುಸಂಗೋಪನಾ ಸಚಿವ ಕೆ. ವೆಂಕಟೇಶ್ ಅವರೇ ಕೇಳಿದ್ರು. ನಮ್ಮ ಜಿಲ್ಲೆಯ ಉಸ್ತುವಾರಿಯೂ ಅವರದ್ದೇ ಆಯ್ತು. ಕೇಳಿದ್ದಷ್ಟೇ, ಕಾಯ್ದೆ ರದ್ದಾಗಲಿಲ್ಲ.

ಸರ್ಕಾರಕ್ಕೆ ಕೇಳೋದು ಇಷ್ಟೇ. ಕಾಯ್ದೆ ರದ್ದು ಮಾಡಿ. ಆಗಲ್ವಾ, ಉಳುಮೆಗಾಗದ ಎತ್ತನ್ನು ಸಂತೆ ರೇಟಿಗೆ ನೀವೇ ಕೊಂಡ್ಕೊಳ್ಳಿ. ಗೋಶಾಲೆಗೆ ಪುಕ್ಕಟೆ ಬಿಟ್ಟು ಬಾ ಅಂತ ಬಡವನಿಗೆ ಹೇಳಬೇಡಿ. ಗೋವಿನ ಮೇಲಿನ ಭಕ್ತಿ ನಿಮ್ಮದಾದ್ರೆ ಖರ್ಚೂ ನಿಮ್ಮದೇ ಆಗಲಿ.

ಜೈಭೀಮ್.