ಇಪ್ಪತ್ತೊಂಬತ್ತಕ್ಕೆ ಇಪ್ಪತ್ತೊಂಬತ್ತು

ಮಕ್ಕಳೇ, ಈ ವಾರ ಒಂದು ತಪ್ಪು ಲೆಕ್ಕದಿಂದಲೇ ಶುರು ಮಾಡೋಣ.

"29-29ರಿಂದ ಯೇಲ್ ವಿರುದ್ಧ ಹಾರ್ವರ್ಡ್‌ಗೆ ಜಯ." ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ನಡೆಸುವ 'ಹಾರ್ವರ್ಡ್ ಕ್ರಿಮ್ಸನ್' ಪತ್ರಿಕೆ 1968ರ ನವೆಂಬರಿನಲ್ಲಿ ಈ ಅರ್ಥದ ತಲೆಬರಹ ಹಾಕಿತ್ತು. ಅದನ್ನು ನನ್ನ ಮೊಮ್ಮಗಳಿಗೆ ಓದಿ ಹೇಳಿದೆ. ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. "ತಾತ, ಅದು ಅಚ್ಚಿನ ತಪ್ಪು. ಇಬ್ಬರದೂ ಸಮ ಆದಮೇಲೆ ಗೆಲ್ಲೋದು ಹೇಗೆ?" ಅಂದಳು.

ಅಚ್ಚಿನ ತಪ್ಪಲ್ಲ, ಬೇಕೆಂದೇ ಹಾಗೆ ಬರೆದದ್ದು ಅಂದೆ. "ಹಾಗಾದರೆ ಬರೆದವರಿಗೆ ಲೆಕ್ಕ ಬರಲ್ಲ" ಅಂದಳು. ಲೆಕ್ಕ ಬರುತ್ತದೋ ಇಲ್ಲವೋ ನೋಡೇಬಿಡೋಣ ಎಂದು ಒಂದು ಹಾಳೆ, ಒಂದು ಪೆನ್ಸಿಲ್ ತರಿಸಿದೆ. ನೀವೂ ಒಂದು ಹಾಳೆ ತನ್ನಿ. ಮನೆಯಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಅಮೆರಿಕದ ಈಶಾನ್ಯ ಭಾಗದಲ್ಲಿ ಎಂಟು ಹಳೆಯ ವಿಶ್ವವಿದ್ಯಾಲಯಗಳಿವೆ. ಬ್ರೌನ್, ಕೊಲಂಬಿಯಾ, ಕಾರ್ನೆಲ್, ಡಾರ್ಟ್‌ಮತ್, ಹಾರ್ವರ್ಡ್, ಪೆನ್ಸಿಲ್ವೇನಿಯಾ, ಪ್ರಿನ್ಸ್‌ಟನ್, ಯೇಲ್. ಹಾರ್ವರ್ಡ್ ಹುಟ್ಟಿದ್ದು 1636ರಲ್ಲಿ, ಯೇಲ್ 1701ರಲ್ಲಿ. ಈ ಎಂಟೂ ಸೇರಿ ಮಾಡಿಕೊಂಡ ಆಟದ ಒಕ್ಕೂಟವೇ ಐವಿ ಲೀಗ್. 1954ರಲ್ಲಿ ಒಪ್ಪಂದವಾಯಿತು, 1956ರಿಂದ ಲೀಗಿನ ಫುಟ್‌ಬಾಲ್ ಪಂದ್ಯಗಳು ಶುರುವಾದವು. ಇಲ್ಲಿ ಒಂದು ಕಟ್ಟುನಿಟ್ಟಾದ ನಿಯಮವಿದೆ. ಚೆನ್ನಾಗಿ ಆಡುತ್ತಾನೆ ಎಂಬ ಕಾರಣಕ್ಕೆ ಯಾರಿಗೂ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಓದಲು ಬಂದವರೇ ಸಂಜೆ ಮೈದಾನಕ್ಕೆ ಇಳಿಯಬೇಕು.

ಪ್ರತಿ ತಂಡವೂ ಉಳಿದ ಏಳು ತಂಡಗಳ ಜೊತೆ ಒಂದೊಂದು ಸಲ ಆಡುತ್ತದೆ. ಈಗ ಮೊದಲ ಲೆಕ್ಕ. ಒಟ್ಟು ಎಷ್ಟು ಪಂದ್ಯ? ಮೊಮ್ಮಗಳು ಥಟ್ಟನೆ "ಎಂಟೇಳ್ಲಿ ಐವತ್ತಾರು" ಅಂದಳು. ಎಂಟು ಜನ ಒಬ್ಬರಿಗೊಬ್ಬರು ಕೈ ಕುಲುಕಿದರೆ ಎಷ್ಟು ಕೈಕುಲುಕು ಎಂದು ಕೇಳಿದೆ. ನೀನು ನನ್ನ ಕೈ ಕುಲುಕುವುದೂ ನಾನು ನಿನ್ನ ಕೈ ಕುಲುಕುವುದೂ ಒಂದೇ ತಾನೇ? ಅವಳು ನಾಲಿಗೆ ಕಚ್ಚಿಕೊಂಡು 56ರಲ್ಲಿ ಅರ್ಧ ತೆಗೆದಳು. 28. ಒಂದು ಋತುವಿಗೆ ಲೀಗಿನಲ್ಲಿ 28 ಪಂದ್ಯ.

ಇನ್ನು ಆಟ. ಹೆಸರು ಫುಟ್‌ಬಾಲ್ ಆದರೂ ಅಮೆರಿಕದವರ ಈ ಆಟದಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಚೆಂಡು ಗುಂಡಗಿಲ್ಲ, ಎರಡೂ ತುದಿ ಚೂಪಾಗಿ, ನಡುವೆ ಉಬ್ಬಿಕೊಂಡಿರುತ್ತದೆ. ತಂಡಕ್ಕೆ 11 ಜನ, 100 ಗಜ ಉದ್ದದ ಅಂಗಳ. ಚೆಂಡು ಕೈಯಲ್ಲಿರುವ ತಂಡ ನಾಲ್ಕು ಯತ್ನಗಳ ಒಳಗೆ 10 ಗಜ ಮುಂದೆ ಹೋಗಬೇಕು. ಹೋದರೆ ಇನ್ನೂ ನಾಲ್ಕು ಯತ್ನ ಸಿಗುತ್ತದೆ, ಹೋಗದಿದ್ದರೆ ಚೆಂಡು ಎದುರಾಳಿಗೆ. ಹೀಗೆ ನುಗ್ಗುತ್ತ ನುಗ್ಗುತ್ತ ಎದುರಾಳಿಯ ಕೊನೆಯ ಗೆರೆ ದಾಟಿದರೆ ಅದು ಟಚ್‌ಡೌನ್, 6 ಅಂಕ. ಅದಾದ ಮೇಲೆ ಒಂದು ಕೊಸರು ಯತ್ನ ಉಂಟು. ಚೆಂಡನ್ನು ಕಂಬಗಳ ನಡುವೆ ಒದ್ದರೆ 1 ಅಂಕ. ಧೈರ್ಯ ಮಾಡಿ ಮತ್ತೊಮ್ಮೆ ಗೆರೆ ದಾಟಿಸಿದರೆ 2 ಅಂಕ. ಚೆಂಡು ಎಸೆದು ಆಟ ನಡೆಸುವವನ ಹೆಸರು ಕ್ವಾರ್ಟರ್‌ಬ್ಯಾಕ್. ಇಷ್ಟು ಗೊತ್ತಿದ್ದರೆ ನಮ್ಮ ಕಥೆಗೆ ಸಾಕು.

1968ರ ಆ ಋತುವಿನಲ್ಲಿ ಒಂದು ಅಪರೂಪ ನಡೆಯಿತು. ಲೀಗಿನ ಒಳಗಿನ ಮತ್ತು ಹೊರಗಿನ ಪಂದ್ಯ ಎಲ್ಲ ಸೇರಿ ಯೇಲ್ ಆಡಿದ ಎಂಟನ್ನೂ ಗೆದ್ದಿತು. ಹಾರ್ವರ್ಡ್ ಕೂಡ ಎಂಟಕ್ಕೆ ಎಂಟು ಗೆದ್ದಿತು. ಈ ಇಬ್ಬರೂ ಹಳೆಯ ಎದುರಾಳಿಗಳು. 1875ರಿಂದ ಆಡುತ್ತ ಬಂದವರು. ಇಬ್ಬರೂ ಹೀಗೆ ಒಂದೂ ಸೋಲದೆ, ಒಂದೂ ಸಮವಾಗದೆ ಎದುರುಬದುರಾಗಿ 59 ವರ್ಷವಾಗಿತ್ತು. ನವೆಂಬರ್ 23ರ ಶನಿವಾರ, ಋತುವಿನ ಕೊನೆಯ ಪಂದ್ಯ. ಬಾಸ್ಟನ್ನಿನ ಹಾರ್ವರ್ಡ್ ಕ್ರೀಡಾಂಗಣದಲ್ಲಿ ನಲವತ್ತು ಸಾವಿರ ಜನ.

ನನ್ನ ವಯಸ್ಸಿನವರಿಗೆ ಆ ವರ್ಷ ನೆನಪಿರಬಹುದು. ಏಪ್ರಿಲಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆಯಾಯಿತು, ಜೂನಿನಲ್ಲಿ ರಾಬರ್ಟ್ ಕೆನಡಿ ಅವರ ಕೊಲೆ. ಆ ಕೆನಡಿ ಕೂಡ ಒಂದು ಕಾಲಕ್ಕೆ ಹಾರ್ವರ್ಡ್ ಫುಟ್‌ಬಾಲ್ ತಂಡದಲ್ಲಿ ಆಡಿದವರೇ. ವಿಯೆಟ್ನಾಂ ಯುದ್ಧ ನಡೆಯುತ್ತಿತ್ತು. ಯುದ್ಧ ಬೇಕು ಎನ್ನುವವರು, ಬೇಡ ಎನ್ನುವವರು ಒಂದೇ ಕಾಲೇಜಿನಲ್ಲಿದ್ದರು, ಒಂದೇ ತಂಡದಲ್ಲೂ ಇದ್ದರು. ಆ ಯುದ್ಧದಿಂದ ಮರಳಿ ಬಂದ ಸೈನಿಕನೊಬ್ಬನೂ ಅಂದು ಹಾರ್ವರ್ಡ್ ಪರ ಆಡಿದ. ಅಂಥ ವರ್ಷದಲ್ಲಿ ಒಂದು ಮಧ್ಯಾಹ್ನದ ಮಟ್ಟಿಗೆ ಎಲ್ಲರ ಕಣ್ಣೂ ಒಂದೇ ಚೆಂಡಿನ ಮೇಲಿತ್ತು.

ಯೇಲ್ ತಂಡ ಬಲಿಷ್ಠವಾಗಿತ್ತು. ನಾಯಕ ಬ್ರಯನ್ ಡೌಲಿಂಗ್ ಸೋಲನ್ನೇ ಮರೆತವನೆಂದು ಹೆಸರಾಗಿದ್ದ ಕ್ವಾರ್ಟರ್‌ಬ್ಯಾಕ್. ಅವನ ಜೊತೆಗಿದ್ದ ಕ್ಯಾಲ್ವಿನ್ ಹಿಲ್ ಮುಂದೆ ಡಲ್ಲಾಸ್ ಕೌಬಾಯ್ಸ್ ತಂಡದಲ್ಲಿ ದೊಡ್ಡ ಆಟಗಾರನಾದ. ಹಾರ್ವರ್ಡ್ ಕಡೆಯಲ್ಲಿ ಟಾಮಿ ಲೀ ಜೋನ್ಸ್ ಎಂಬ ದೃಢಕಾಯದ ಹುಡುಗನಿದ್ದ. ಹೌದು, ಮುಂದೆ 'ಮೆನ್ ಇನ್ ಬ್ಲ್ಯಾಕ್' ಚಿತ್ರದಲ್ಲಿ ನಟಿಸಿದರಲ್ಲ, ಅವರೇ.

ಎರಡನೇ ಕ್ವಾರ್ಟರ್ ಮುಗಿಯುವ ಮುಂಚೆಯೇ ಯೇಲ್ 22, ಹಾರ್ವರ್ಡ್ ಸೊನ್ನೆ. ಹಾರ್ವರ್ಡ್ ತರಬೇತುದಾರ ತನ್ನ ಕ್ವಾರ್ಟರ್‌ಬ್ಯಾಕನ್ನು ಕೂರಿಸಿ ಬದಲಿ ಆಟಗಾರ ಫ್ರಾಂಕ್ ಚಾಂಪಿಯನ್ನು ಕಳಿಸಿದ. ಚಾಂಪಿ ಜಾವೆಲಿನ್ ಎಸೆಯುವ ಹುಡುಗ. ಆ ಋತುವಿನಲ್ಲಿ ಆಡಿದ್ದು ತೀರಾ ಕಡಿಮೆ. ಅವನು ಬಂದಮೇಲೆ ಹಾರ್ವರ್ಡ್ ಒಂದು ಟಚ್‌ಡೌನ್ ಮಾಡಿತು, ಕೊಸರು ಸಿಗಲಿಲ್ಲ. ವಿರಾಮದ ನಂತರ ಇನ್ನೊಂದು ಟಚ್‌ಡೌನ್, ಈ ಸಲ ಕೊಸರು 1. ಅಲ್ಲಿಗೆ 13. ಯೇಲ್ ಸುಮ್ಮನಿರಲಿಲ್ಲ, ಇನ್ನೂ 7 ಸೇರಿಸಿತು. 29-13.

ಕೊನೆಯ ಘಟ್ಟದಲ್ಲಿ ಯೇಲ್ ಮತ್ತೆ ನುಗ್ಗಿ ಹಾರ್ವರ್ಡ್ ಗೆರೆಗೆ 14 ಗಜದ ಹತ್ತಿರ ಬಂತು. ಯೇಲ್ ಅಭಿಮಾನಿಗಳು ಬಿಳಿ ಕರವಸ್ತ್ರ ಬೀಸುತ್ತ, "ನೀವು ಎರಡನೆಯವರು" ಎಂದು ಹಾರ್ವರ್ಡ್ ಕಡೆಗೆ ಕೂಗತೊಡಗಿದರು. ಆಗ ಯೇಲ್ ಆಟಗಾರನ ಕೈಯಿಂದ ಚೆಂಡು ಜಾರಿತು. ಹಾರ್ವರ್ಡ್ ಎತ್ತಿಕೊಂಡಿತು. ಇನ್ನು ಮೂರೂವರೆ ನಿಮಿಷ. ದಾಟಬೇಕಾದ ದೂರ 86 ಗಜ.

ನುಗ್ಗುವಾಗ ಒಮ್ಮೆ ಚಾಂಪಿಯ ಕೈಯಿಂದಲೂ ಚೆಂಡು ಜಾರಿತು. ಅದನ್ನು ಹೆಕ್ಕಿಕೊಂಡವನು ಫ್ರಿಟ್ಜ್ ರೀಡ್. ಎದುರಾಳಿಗಳನ್ನು ತಡೆದು ನಿಲ್ಲಿಸುವುದಷ್ಟೇ ಅವನ ಕೆಲಸ. ಚೆಂಡು ಅವನ ಕೈಗೆ ಸಿಗುವುದೇ ಇಲ್ಲ. ಸಿಕ್ಕಿದ್ದೇ ತಡ, ಓಡಿದ. ಚೆಂಡು ಯೇಲ್ ಗೆರೆಯಿಂದ 15 ಗಜಕ್ಕೆ ಬಂತು. ಮರುಕ್ಷಣ ಚಾಂಪಿ ಎಸೆದ, ಟಚ್‌ಡೌನ್ ಆಯಿತು. ಗಡಿಯಾರದಲ್ಲಿ ಉಳಿದದ್ದು 42 ಸೆಕೆಂಡು. ಕೊಸರು 2 ಕೂಡ ಸಿಕ್ಕಿತು. 29-21.

ಅಂಕ ಗಳಿಸಿದ ತಂಡ ಚೆಂಡನ್ನು ಎದುರಾಳಿಗೆ ಒದ್ದು ಕೊಡಬೇಕು. ಸಾಮಾನ್ಯವಾಗಿ ದೂರಕ್ಕೆ ಒದೆಯುತ್ತಾರೆ. ಹಾರ್ವರ್ಡ್ ಬೇಕೆಂದೇ ಹತ್ತಿರಕ್ಕೆ, ನೆಲಕ್ಕೆ ಪುಟಿಯುವ ಹಾಗೆ ಒದ್ದಿತು. ಚೆಂಡು 10 ಗಜ ಉರುಳಿದರೆ ಯಾರು ಬೇಕಾದರೂ ಹಿಡಿಯಬಹುದು. ಯೇಲ್ ಕೈಗೆ ಅದು ನಿಲ್ಲಲಿಲ್ಲ, ಹಾರ್ವರ್ಡ್‌ಗೆ ಸಿಕ್ಕಿತು! ಚಾಂಪಿ ಓಡಿದ, ಎಸೆದ, ಸಿಕ್ಕಿಬಿದ್ದ, ಮತ್ತೆ ಎದ್ದ. ಕೊನೆಗೆ 3 ಸೆಕೆಂಡು, 8 ಗಜ. ಹಿಡಿಯಲು ಬಂದವರಿಂದ ಅತ್ತ ಇತ್ತ ತಪ್ಪಿಸಿಕೊಂಡು ನಾಯಕ ವಿಕ್ ಗ್ಯಾಟೋ ಕಡೆಗೆ ಎಸೆದ. ಟಚ್‌ಡೌನ್. 29-27. ಗಡಿಯಾರ ಸೊನ್ನೆ.

ಸಮಯ ಮುಗಿದರೂ ಟಚ್‌ಡೌನಿನ ಕೊಸರು ಯತ್ನ ಬಾಕಿ ಇತ್ತು. ಚಾಂಪಿ ಎಸೆದ. ಪೀಟ್ ವಾರ್ನಿ ಎಂಬ ದೊಡ್ಡ ಆಳು ಅದನ್ನು ಎದೆಗವಚಿಕೊಂಡ.

29-29.

ಮೊಮ್ಮಗಳು ಪೆನ್ಸಿಲ್ ಹಿಡಿದೇ ಎದ್ದು ನಿಂತುಬಿಟ್ಟಿದ್ದಳು. "ಗೆದ್ದುಬಿಟ್ರು ತಾತ!" ಅಂದಳು. ನಾನು ನಕ್ಕೆ. "ಎಷ್ಟಕ್ಕೆ ಎಷ್ಟು?" ಅಂದೆ. "ಇಪ್ಪತ್ತೊಂಬತ್ತಕ್ಕೆ..." ಎಂದವಳು ಅಲ್ಲೇ ನಿಂತಳು. ತಲೆಬರಹ ಬರೆದವರಿಗೆ ಲೆಕ್ಕ ಬರುತ್ತಿತ್ತು ಎಂದು ಆಗ ಅವಳಿಗೆ ತಿಳಿಯಿತು.

ಆಮೇಲೆ ಕುಳಿತು ಎರಡು ಕಡೆಯ ಅಂಕವನ್ನೂ ಬಿಡಿಸಿದೆವು. ಯೇಲ್ ನಾಲ್ಕು ಟಚ್‌ಡೌನ್, ಕೊಸರು 1, 1, 2, 1. ಹಾರ್ವರ್ಡ್ ನಾಲ್ಕು ಟಚ್‌ಡೌನ್, ಕೊಸರು ಸೊನ್ನೆ, 1, 2, 2. ಕೂಡಿ ನೋಡಿ. ಒಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಆದರೂ ಅಂದು ಒಂದು ಕಡೆಯವರು ಕುಣಿದರು, ಇನ್ನೊಂದು ಕಡೆಯವರು ತಲೆ ತಗ್ಗಿಸಿ ಹೋದರು. ಸೋಲನ್ನು ತಪ್ಪಿಸಿಕೊಂಡು ಬಂದವರ 29 ಒಂದು, ಕೈಗೆ ಬಂದ ಗೆಲುವನ್ನು ಬಿಟ್ಟು ಬಂದವರ 29 ಇನ್ನೊಂದು.

"ಹಾಗಾದರೆ ಯೇಲ್ ಸೋತ ಹಾಗೇನಾ?" ಅವಳ ಮುಖ ಸಣ್ಣದಾಗಿತ್ತು. ಇಷ್ಟು ಹೊತ್ತು ಹಾರ್ವರ್ಡ್ ಕಡೆಗಿದ್ದವಳು ಈಗ ಯೇಲ್ ಕಡೆ ಹೋಗಿದ್ದಳು. ನಾನು ಉತ್ತರ ಹೇಳಲಿಲ್ಲ. ಪಟ್ಟಿ ಹಾಕು ಅಂದೆ.

ಅಮೆರಿಕದಲ್ಲಿ ಪಟ್ಟಿಯನ್ನು ಗೆಲುವು, ಸೋಲು, ಸಮ ಎಂದು ಮೂರು ಅಂಕಣದಲ್ಲಿ ಬರೆಯುತ್ತಾರೆ. ಲೀಗಿನ ಏಳು ಪಂದ್ಯದಲ್ಲಿ ಹಾರ್ವರ್ಡ್ 6-0-1. ಯೇಲ್ 6-0-1. ಇಬ್ಬರೂ ಉಳಿದ ಆರೂ ತಂಡಗಳನ್ನು ಸೋಲಿಸಿದವರು. ಆದ್ದರಿಂದ ಮೂರನೆಯ ಸ್ಥಾನಕ್ಕೆ ಯಾರೇ ಬರಲಿ, ಅವರಿಗೆ ಎರಡು ಸೋಲಾದರೂ ಇದ್ದೇ ಇರಬೇಕು. ಮೇಲಿನ ಸಾಲು ಇಬ್ಬರಿಗೇ ಸೇರಿದ್ದು. ಐವಿ ಲೀಗ್ ಪ್ರಶಸ್ತಿಯನ್ನು ಇಬ್ಬರಿಗೂ ಹಂಚಿತು.

28 ಪಂದ್ಯದಲ್ಲಿ ಈ ಒಂದನ್ನು ಬಿಟ್ಟರೆ 27. ಎಂಟೂ ತಂಡಗಳ ಗೆಲುವು ಕೂಡಿದರೆ 27, ಸೋಲು ಕೂಡಿದರೂ 27. ಒಂದು ಗೆಲುವು ಬರೆದ ಕಡೆಯೆಲ್ಲ ಇನ್ನೊಂದು ಸಾಲಿನಲ್ಲಿ ಒಂದು ಸೋಲು ಬರೆಯಲೇಬೇಕು. ಇದೇ ಲೀಗಿನ ಕೊಲಂಬಿಯಾ ತಂಡ 1983ರಿಂದ 1988ರವರೆಗೆ ಒಂದಾದ ಮೇಲೊಂದರಂತೆ 44 ಪಂದ್ಯ ಸೋತಿತು. ಆದರೂ ಶನಿವಾರ ಬಂದರೆ ಬೂಟು ಕಟ್ಟಿಕೊಂಡು ಮೈದಾನಕ್ಕೆ ಬರುತ್ತಿತ್ತು. 1988ರ ಅಕ್ಟೋಬರ್ 8ರಂದು ಪ್ರಿನ್ಸ್‌ಟನ್ ತಂಡವನ್ನು 16-13ರಿಂದ ಸೋಲಿಸಿದಾಗ ಅಭಿಮಾನಿಗಳ ಸಂಭ್ರಮಕ್ಕೆ ಮಿತಿ ಇರಲಿಲ್ಲ. ಪಟ್ಟಿಯ ಕೊನೆಯ ಸಾಲಿಗೂ ಇಂಥದೊಂದು ಕಥೆ ಇರುತ್ತದೆ.

1996ರಿಂದ ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಸಮ ಎಂಬುದೇ ಇಲ್ಲ. ಹೆಚ್ಚುವರಿ ಆಟ ಆಡಿಸಿ ಯಾರೋ ಒಬ್ಬರನ್ನು ಗೆಲ್ಲಿಸುತ್ತಾರೆ. ಹಾಗಾಗಿ ಅಂಥ 29-29 ಇನ್ನು ಬರುವುದಿಲ್ಲ. ಫ್ರಾಂಕ್ ಚಾಂಪಿ ಮರುವರ್ಷ ಋತು ಶುರುವಾದ ಸ್ವಲ್ಪ ದಿನಕ್ಕೇ ಫುಟ್‌ಬಾಲ್ ಬಿಟ್ಟುಬಿಟ್ಟ. 2008ರಲ್ಲಿ ಕೆವಿನ್ ರಾಫರ್ಟಿ ಎಂಬುವರು ಆ ಪತ್ರಿಕೆಯ ತಲೆಬರಹವನ್ನೇ ಹೆಸರಾಗಿಟ್ಟು ಒಂದು ಸಾಕ್ಷ್ಯಚಿತ್ರ ಮಾಡಿದರು. ಎರಡೂ ತಂಡದ ಆಟಗಾರರು ಅದರಲ್ಲಿ ಮಾತಾಡಿದ್ದಾರೆ. ತಲೆ ನರೆತಿದೆ, ನಲವತ್ತು ವರ್ಷ ಕಳೆದರೂ ಆ 42 ಸೆಕೆಂಡು ಯಾರಿಗೂ ಮರೆತಿಲ್ಲ.

ಮೊಮ್ಮಗಳು ತನ್ನ ಹಾಳೆಯನ್ನು ಬಹಳ ಹೊತ್ತು ನೋಡಿದಳು. ಕೊನೆಗೆ, "ಪೇಪರಿನವರು ಕೊನೇ 42 ಸೆಕೆಂಡು ಮಾತ್ರ ನೋಡಿ ಬರೆದಿದ್ದಾರೆ ತಾತ. ಪಟ್ಟಿ ಎಲ್ಲಾ ಶನಿವಾರಾನೂ ನೆನಪಿಟ್ಟುಕೊಂಡಿದೆ" ಅಂದಳು. ನನಗೆ ಹೊಳೆಯದ ಮಾತು ಅದು. ಪರೀಕ್ಷೆಯ ದಿನ ಒಂದು ಪ್ರಶ್ನೆ ಕೈತಪ್ಪಿತೆಂದು ಅಳುವ ಮಗುವನ್ನು ಕಂಡರೆ, ಹಿರಿಯರೇ, ನೀವೂ ಇದನ್ನು ನೆನಪು ಮಾಡಿಕೊಳ್ಳಿ. ಕೈಜಾರಿದ ಆ ಒಂದು ಚೆಂಡಿನ ಹಿಂದೆ ಎಷ್ಟೋ ಶನಿವಾರಗಳ ಆಟ ಇರುತ್ತದೆ.

ಈ ವಾರದ ಲೆಕ್ಕ: ನಿಮ್ಮ ಬೀದಿಯಲ್ಲಿ ಹತ್ತು ತಂಡಗಳಿವೆ ಎಂದುಕೊಳ್ಳಿ. ಎಲ್ಲರೂ ಎಲ್ಲರ ಜೊತೆ ಒಂದೊಂದು ಸಲ ಆಡಿದರೆ ಒಟ್ಟು ಎಷ್ಟು ಪಂದ್ಯ? ಅದರಲ್ಲಿ ಮೂರು ಸಮವಾದರೆ, ಎಲ್ಲ ತಂಡಗಳ ಸೋಲು ಕೂಡಿದರೆ ಎಷ್ಟು? ಮೊದಲು ನೀವೇ ಮಾಡಿ, ಆಮೇಲೆ ಅಜ್ಜ ಅಜ್ಜಿಯನ್ನು ಕೇಳಿ. ಅವರು ತಪ್ಪು ಹೇಳಿದರೆ ನಗಬೇಡಿ. ಕೈಕುಲುಕಿನ ಲೆಕ್ಕ ಹೇಳಿಕೊಡಿ.