ಒಣ ಕಟಿಂಗ್ ನಿಲ್ಲಿಸಿ, ಕ್ವಾರ್ಟ್ಜ್ ಬಿಡಿ

ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಕೃತಕ ಕಲ್ಲಿನ ಚಪ್ಪಡಿಗಳ ತಯಾರಿಕೆ, ಮಾರಾಟ, ಅಳವಡಿಕೆ ಎಲ್ಲವನ್ನೂ ನಿಷೇಧಿಸಿತು. ಜಗತ್ತಿನಲ್ಲಿ ಹೀಗೆ ಮಾಡಿದ ಮೊದಲ ದೇಶ ಅದು. ಅದೇ ಕಲ್ಲು ನಮ್ಮ ಮಾಡ್ಯುಲರ್ ಕಿಚನ್ ಷೋರೂಮುಗಳಲ್ಲಿ 'ಕ್ವಾರ್ಟ್ಜ್' ಎಂಬ ಹೆಸರಿನಲ್ಲಿ ಗ್ರಾನೈಟಿಗಿಂತ ದುಬಾರಿ ಬೆಲೆಗೆ ಬಿಕರಿಯಾಗುತ್ತಿದೆ. ಅರಿಸಿನದ ಕಲೆ ಹಿಡಿಯುವುದಿಲ್ಲ, ಇಷ್ಟು ವರ್ಷ ವಾರಂಟಿ ಎಂದೆಲ್ಲ ಸೇಲ್ಸ್‌ನವರು ಹೇಳುತ್ತಾರೆ. ಕೊಯ್ದವನ ಎದೆಗೂಡಿಗೆ ವಾರಂಟಿ ಕೊಟ್ಟವರನ್ನು ನಾನಂತೂ ಕಂಡಿಲ್ಲ.

ಕಲ್ಲಿನ ಪುಡಿಗೆ ರಾಳ, ಬಣ್ಣ ಬೆರೆಸಿ, ಒತ್ತಿ, ಕಾಯಿಸಿ ಮಾಡುವ ಚಪ್ಪಡಿ ಇದು. ಗ್ರಾನೈಟಿನಲ್ಲಿ ಹರಳು ಸಿಲಿಕಾ ಸುಮಾರು ಶೇ. 20ರಿಂದ 45ರಷ್ಟಿರುತ್ತದೆ, ಅಮೃತಶಿಲೆಯಲ್ಲಿ ತೀರಾ ಕಡಿಮೆ. ಈ ಕೃತಕ ಕಲ್ಲಿನಲ್ಲಿ ಅದು ಶೇ. 90 ದಾಟುವುದುಂಟು. ಕೊಯ್ಯುವಾಗ ಏಳುವ ಧೂಳಿನಲ್ಲಿ ದಪ್ಪ ಕಣಗಳು ಮೂಗು ಗಂಟಲಲ್ಲೇ ಸಿಕ್ಕಿಕೊಳ್ಳುತ್ತವೆ. ಕಣ್ಣಿಗೆ ಕಾಣದ ಸಣ್ಣ ಕಣಗಳು ಶ್ವಾಸಕೋಶದ ತಳ ಮುಟ್ಟುತ್ತವೆ. ಅಲ್ಲಿ ಅವನ್ನು ನುಂಗಿದ ರಕ್ಷಕ ಕೋಶಗಳೇ ಸಾಯುತ್ತವೆ, ಸತ್ತ ಜಾಗದಲ್ಲಿ ಗಾಯದ ಗಂಟು ಕಟ್ಟುತ್ತದೆ. ಕೆಲಸ ಬಿಟ್ಟ ಮೇಲೂ ಅದು ಬೆಳೆಯುತ್ತಲೇ ಹೋಗಬಹುದು. ಈ ಸಿಲಿಕೋಸಿಸ್‌ಗೆ ಔಷಧಿಯಿಲ್ಲ. ಹಳೆಯ ಕಲ್ಲುಕುಟಿಗರಿಗೆ ಇದು ದಶಕಗಳ ದುಡಿಮೆಯ ನಂತರ ಬರುತ್ತಿತ್ತು, ಕೃತಕ ಕಲ್ಲು ಕೊಯ್ಯುವವರಿಗೆ ಕೆಲವೇ ವರ್ಷಗಳಲ್ಲಿ ಬರುತ್ತಿದೆ. ಶ್ವಾಸಕೋಶ ಕಸಿಗೆಂದು ತಮ್ಮ ಬಳಿ ಬಂದ ಇಂಥ 25 ರೋಗಿಗಳ ವಿವರವನ್ನು ಇಸ್ರೇಲಿನ ವೈದ್ಯರು 2012ರಲ್ಲೇ ಪ್ರಕಟಿಸಿದ್ದರು. ಇನ್ನೂ ಸಂಶೋಧನೆ ಬೇಕು ಎನ್ನುವವರಿಗೆ ಎಷ್ಟು ಶ್ವಾಸಕೋಶ ಬೇಕೋ ತಿಳಿಯದು.

ಉದ್ಯಮದವರ ವಾದ ಗೊತ್ತಿರುವುದೇ: ತಪ್ಪು ಕಲ್ಲಿನದಲ್ಲ, ಕೊಯ್ಯುವ ರೀತಿಯದು; ನೀರು ಹಾಯಿಸಿ, ಮಾಸ್ಕ್ ಹಾಕಿ, ಎಲ್ಲ ಸರಿಹೋಗುತ್ತದೆ. ಆಸ್ಟ್ರೇಲಿಯಾ ಮೊದಲು ಮಾಡಿದ್ದೂ ಅದನ್ನೇ. ಧೂಳಿನ ಮಿತಿ ಇಳಿಸಿತು, ಒಣ ಕಟಿಂಗ್ ನಿಷೇಧಿಸಿತು, ತಪಾಸಣೆ ನಡೆಸಿತು. ಆದರೂ ರೋಗಿಗಳು ಬರುತ್ತಲೇ ಇದ್ದಾಗ, ಸಿಲಿಕಾ ಇಷ್ಟಿದ್ದರೆ ಅಪಾಯವಿಲ್ಲ ಎಂದು ಹೇಳುವಂಥ ಮಟ್ಟವೇ ಇಲ್ಲವೆಂದು ಅಲ್ಲಿನ ಸುರಕ್ಷತಾ ಸಂಸ್ಥೆ 2023ರಲ್ಲಿ ವರದಿ ಕೊಟ್ಟಿತು. ಇನ್‌ಸ್ಪೆಕ್ಟರ್ ನಿಜವಾಗಿಯೂ ಬಾಗಿಲು ತಟ್ಟುವ ದೇಶದಲ್ಲೇ ಆಗದ್ದು ನಮ್ಮಲ್ಲಿ ಆಗುತ್ತದೆಯೇ?

ಬೆಂಗಳೂರಿನ ಯಾವುದಾದರೂ ಹೊಸ ಅಪಾರ್ಟ್‌ಮೆಂಟಿನಲ್ಲಿ ಇಂಟೀರಿಯರ್ ಕೆಲಸ ನಡೆಯುವಾಗ ಹೋಗಿ ನೋಡಿ. ಚಪ್ಪಡಿ ಬಾಲ್ಕನಿಯಲ್ಲೋ ಹಾಲಿನಲ್ಲೋ ಎರಡು ಮರದ ತುಂಡಿನ ಮೇಲೆ ಮಲಗಿರುತ್ತದೆ. ಹುಡುಗನೊಬ್ಬ ಕುಕ್ಕರಗಾಲಲ್ಲಿ ಕೂತು ಸಿಂಕಿನ ಕಿಂಡಿ ಕೊಯ್ಯುತ್ತಿರುತ್ತಾನೆ, ಮೂಗಿಗೆ ಟವೆಲ್ಲು, ರೆಪ್ಪೆಯ ಮೇಲೆ ಬಿಳಿ ಪುಡಿ. ಪಕ್ಕದ ಮನೆಯವರು ದೂರಿಯಾರೆಂದು ಕಿಟಕಿಗಳು ಮುಚ್ಚಿರುತ್ತವೆ. ನೀರು ಹಾಕಿ ಕೊಯ್ಯಪ್ಪ ಎಂದರೆ, "ಬೇಡ ಅಂತಾರೆ ಸಾರ್, ಕೆಸರಾಗಿ ವುಡ್‌ವರ್ಕ್ ಹಾಳಾಗುತ್ತೆ, ಕೆಳಗಿನ ಮನೆಗೆ ಇಳಿಯುತ್ತೆ" ಎನ್ನುತ್ತಾನೆ. ಒಣ ಕಟಿಂಗ್ ಮಾಡಿಸುತ್ತಿರುವವರು ಮನೆಯ ಮಾಲೀಕರು, ಅಂದರೆ ನಾವೇ. ಕಟ್ಟೆ ಕೂರಿಸಿದ ಮೇಲೆ ಅದರ ಮೇಲೆ ಅಡುಗೆ ಮಾಡುವವರಿಗೆ ಈ ರೋಗದ ಭಯವಿಲ್ಲ. ಹಾಗಾಗಿಯೇ ಈ ವಿಷಯ ನಮ್ಮಲ್ಲಿ ಗದ್ದಲವಾಗುವುದಿಲ್ಲ.

ಕಾನೂನಿನ ಕಥೆ ಇನ್ನೂ ಚೆಂದ. 1948ರ ಕಾರ್ಖಾನೆ ಕಾಯ್ದೆಯ ಲೆಕ್ಕದ ಸೂತ್ರ ಹಿಡಿದರೆ, ಶೇ. 90 ಸಿಲಿಕಾ ಇರುವ ಧೂಳಿಗೆ ಘನಮೀಟರಿಗೆ ಸುಮಾರು 0.11 ಮಿಲಿಗ್ರಾಂವರೆಗೆ ಅವಕಾಶವಿತ್ತು. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಮಿತಿ 0.05. ಧೂಳನ್ನು ಅಳೆಯಬೇಕಾದರೂ ಮೊದಲು ಕೊಯ್ಯುವ ಜಾಗ ಕಾರ್ಖಾನೆ ಎನಿಸಿಕೊಳ್ಳಬೇಕು. ವಿದ್ಯುತ್ ಬಳಸುವ ಕಡೆ 10 ಕೆಲಸಗಾರರಿದ್ದರೆ ಕಾರ್ಖಾನೆ ಎಂದಿದ್ದ ಮಿತಿಯನ್ನು ಹೊಸ ಕಾರ್ಮಿಕ ಸಂಹಿತೆ 20ಕ್ಕೆ ಏರಿಸಿದೆ. ಐದಾರು ಜನರ ಕಟಿಂಗ್ ಶೆಡ್ಡು ಹಿಂದೆಯೂ ಹೊರಗಿತ್ತು, ಈಗ ಇನ್ನಷ್ಟು ದೂರ ಹೋಯಿತು.

ಕರ್ನಾಟಕಕ್ಕೆ ಈ ರೋಗ ಹೊಸದೂ ಅಲ್ಲ. 1940ರ ದಶಕದಲ್ಲಿ ಕೆಜಿಎಫ್ ಗಣಿಯ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಮಿಕ್ಕಿ ಮಂದಿಗೆ ಸಿಲಿಕೋಸಿಸ್ ಇತ್ತು. ದೇಶಕ್ಕೇ ಪಾಠವಾಗಬೇಕಿದ್ದ ಸಮೀಕ್ಷೆ ಅದು. ಇವತ್ತಿಗೂ ಕಲ್ಲು ಕೊಯ್ಯುವವನು ಕೆಮ್ಮಿಕೊಂಡು ಬಂದರೆ ಟಿಬಿ ಮಾತ್ರೆ ಸಿಗುತ್ತದೆ, "ಏನು ಕೆಲಸ ಮಾಡ್ತೀಯಪ್ಪ?" ಎಂಬ ಪ್ರಶ್ನೆ ಅಪರೂಪ. ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬೇಗ ಅಂಟುವುದರಿಂದ ಗೊಂದಲ ದುಪ್ಪಟ್ಟು. ರೋಗವನ್ನು ಬೇಗ ಗುರುತಿಸಲು ನೆರವಾಗುವ ರಕ್ತಪರೀಕ್ಷೆಯನ್ನು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ರೂಪಿಸಿದೆ. ರಾಜಸ್ಥಾನ 2019ರಲ್ಲೇ ನೀತಿಯೊಂದನ್ನು ತಂದು, ರೋಗ ದೃಢಪಟ್ಟವರಿಗೆ 3 ಲಕ್ಷ ರೂಪಾಯಿ, ಸತ್ತರೆ ಕುಟುಂಬಕ್ಕೆ 2 ಲಕ್ಷ ಎಂದು ನಿಗದಿ ಮಾಡಿತು. ಇಲ್ಲಿ ಕಲ್ಲು ಕೂರಿಸುವವರಲ್ಲಿ ಆ ರಾಜ್ಯದವರೂ ಇದ್ದಾರೆ. ದುಡಿಮೆ ನಮಗೆ, ಪರಿಹಾರ ಅವರ ಊರಿನ ಸರ್ಕಾರದ ಲೆಕ್ಕಕ್ಕೆ ಎಂದರೆ ಹೇಗೆ?

ಹಣವಿಲ್ಲ ಎನ್ನುವಂತಿಲ್ಲ. ಕಟ್ಟಡ ವೆಚ್ಚದ ಮೇಲೆ ಶೇ. 1ರಷ್ಟು ಸೆಸ್ ಕಾರ್ಮಿಕರ ಹೆಸರಿನಲ್ಲೇ ವಸೂಲಾಗುತ್ತಿದೆ. ಆ ಹಣದಲ್ಲಿ ಕಾರ್ಮಿಕರಿಗೆ ಕಿಟ್ ಹಂಚುವ ಉತ್ಸಾಹದಲ್ಲಿ ಸ್ವಲ್ಪವನ್ನು ಎಕ್ಸ್-ರೇಗೂ ಧೂಳು ಹೀರುವ ಯಂತ್ರಗಳಿಗೂ ಕೊಡಲಿ. ಮನೆಯೊಳಗಿನ ಒಣ ಕಟಿಂಗನ್ನು ರಾಜ್ಯ ಸರ್ಕಾರ ನಾಳೆಯೇ ನಿಷೇಧಿಸಬಹುದು. ಕೃತಕ ಕಲ್ಲಿನ ನಿಷೇಧ ದೆಹಲಿಯಿಂದ ಬರಬೇಕು. ಕೆಲಸ ಹೋಗುತ್ತದೆ ಎಂಬ ಭಯಕ್ಕೆ ಅರ್ಥವಿಲ್ಲ, ಕಟ್ಟೆ ಹೇಗೂ ಬೇಕು, ಬೇರೆ ಕಲ್ಲನ್ನು ಕೂರಿಸುವುದೂ ಇದೇ ಕೈಗಳು. ಚಾಮರಾಜನಗರದ ಕರಿಕಲ್ಲಿನಲ್ಲಿ ಹರಳು ಸಿಲಿಕಾ ಬಹಳ ಕಡಿಮೆ.

ಅಲ್ಲಿಯವರೆಗೆ, ಮನೆ ಕಟ್ಟಿಸುತ್ತಿರುವವರೇ, ಕ್ವಾರ್ಟ್ಜ್ ಬೇಡ ಎನ್ನಿ. ಯಾವ ಕಲ್ಲಾದರೂ ಸಿಂಕಿನ ಕಿಂಡಿಯ ಅಳತೆ ಮೊದಲೇ ಕೊಟ್ಟು, ಶೆಡ್ಡಿನಲ್ಲಿ ನೀರು ಬಿಟ್ಟು ಕೊಯ್ಸಿಕೊಂಡು ಬರಲು ಹೇಳಿ. ಮನೆಯಲ್ಲಿ ಒಂದಿಷ್ಟು ಕೊಯ್ಯಲೇಬೇಕಾದರೆ ಕೆಸರಾಗಲಿ ಬಿಡಿ, ಒರೆಸಿದರೆ ಹೋಗುತ್ತದೆ.